ಮುಖ್ಯವಾದ ಮುಖಗಳಿಗೆ ಕೆಂಪು ಗಾಜು

ಹೊಸೂರು,
12ನೇ ನವೆಂಬರ್ 1946

ಕೃಷ್ಣಗಿರಿಯಲ್ಲಿ ಫೋಟೋ ಅಂಗಡಿ ಇಟ್ಟುಕೊಂಡಿರುವ ನನ್ನ ಸೋದರಳಿಯ ಚಿರಂಜೀವಿ ಚೆನ್ನಕೇಶವನಿಗೆ, ಹೊಸೂರು ಪೇಟೆ ಬೀದಿಯ ಮುತ್ತರಾಯಪ್ಪನು ಹರಸಿ ಬರೆಯುವ ವಿಜ್ಞಾಪನೆ.

ಅದೇನೆಂದರೆ, ನಾನು ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿಗಳ ನಕಲು ಬರೆದು ಕೈ ಪಳಗಿಸಿಕೊಂಡವನು. ಆ ಕೈಯಿಂದಲೇ ಮುಂದೆ ಪ್ಲೇಟು ಕ್ಯಾಮೆರಾ ಹಿಡಿದೆ. ತಳಿ ಊರಿನಿಂದ ಬೇರಿಕೆಯವರೆಗೆ ಯಾರ ಮನೆಯ ಮದುವೆಯೇ ಆಗಲಿ, ಮುತ್ತರಾಯಪ್ಪನು ಕರಿ ಬಟ್ಟೆಯೊಳಗೆ ತಲೆಯಿಟ್ಟು ಹೊರಗೆ ತೆಗೆದ ಮೇಲೆಯೇ ಜನ ಊಟದ ಎಲೆ ಹಾಕುತ್ತಿದ್ದರೆಂಬುದು ನಿನಗೆ ತಿಳಿಯದ ಸಂಗತಿಯಲ್ಲ. ನೀನು ಬೆಳೆದದ್ದೂ, ಕೆಲಸ ಕಲಿತದ್ದೂ ಆ ಬಟ್ಟೆಯ ನೆರಳಿನಲ್ಲಿಯೇ.

ಪ್ರಕೃತ ವಿಷಯವೇನೆಂದರೆ, ಮತ್ತಿಗಿರಿಯಲ್ಲಿ ಬಿಡಾರವಿದ್ದು ಈಗ ವಿಲಾಯಿತಿಗೆ ಹೊರಟಿರುವ ದೊರೆಯೊಬ್ಬನಿಂದ ನೀನು ಎರಡು ಕಣ್ಣಿನ ಕ್ಯಾಮೆರಾ ಪಡೆದಿರುವೆಯಂತೆ. ಈ ಸುದ್ದಿ ನಿನ್ನ ಕಾಗದದಿಂದ ನನಗೆ ತಿಳಿಯಲಿಲ್ಲ. ಕಾಫಿ ಹೋಟೆಲಿನ ದಾಸಪ್ಪನ ಬಾಯಿಂದ, ಹತ್ತು ಜನರ ಎದುರಿಗೆ ತಿಳಿಯಿತು. ಅವನ ಮಾತನ್ನು ಇದ್ದ ಹಾಗೆಯೇ ನಕಲು ಮಾಡುತ್ತೇನೆ. ನಕಲಿನಲ್ಲಿ ತಿದ್ದುವ ಅಭ್ಯಾಸ ನನಗಿಲ್ಲ.

'ಏನ್ ಸಾಮಿ, ನಿಮ್ ಅಳಿಮಯ್ಯ ಎಲ್ಡ್ ಕಣ್ಣಿನ್ ಕ್ಯಾಮ್ರಾ ತಂದವ್ನಂತೆ! ನಿಮ್ದು ಒಂಟಿಗಣ್ಣೇ ಅಲ್ವ್ರಾ? ಇನ್ಮೇಲೆ ಯಾವ್ ಮದ್ವೆ ಹೆಣ್ಣು ಒಂಟಿಗಣ್ಣನ್ ಎದುರ್ಗೆ ಕುಂತ್ಕೋತಾಳೆ, ಹೇಳಿ!'

ಅಲ್ಲಿದ್ದವರು ಲೋಟ ಕೆಳಗಿಟ್ಟು ನಕ್ಕರು. ಮನುಷ್ಯನಿಗೆ ದೇವರು ಎರಡು ಕಣ್ಣು ಕೊಟ್ಟಿರುವುದು ನಿಜವಾದರೂ ಗುರಿಯಿಡುವವನು ಒಂದನ್ನು ಮುಚ್ಚಿಕೊಳ್ಳುತ್ತಾನೆ ಎಂದು ನಾನು ಉತ್ತರ ಕೊಟ್ಟೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಅವರ ನಗು ನಿಲ್ಲಲಿಲ್ಲ.

ಈ ವಿಷಯದಲ್ಲಿ ನನಗೆ ಲೇಶಮಾತ್ರವೂ ಅಸೂಯೆಯಿಲ್ಲವೆಂದು ಇದರ ಮೂಲಕ ಸ್ಪಷ್ಟಪಡಿಸುತ್ತೇನೆ. ಸುದ್ದಿ ಮೊದಲು ನನಗೆ ಬರಬೇಕಾಗಿತ್ತೆಂಬುದಷ್ಟೇ ಈ ಬರಹದ ತಾತ್ಪರ್ಯ. ನಿನ್ನ ಅತ್ತೆ ವರಲಕ್ಷ್ಮಮ್ಮ ಕ್ಷೇಮ. ಕ್ಯಾಮೆರಾದ ಸುದ್ದಿ ಕೇಳಿ ಬಹಳ ಸಂತೋಷಪಟ್ಟಳು. ಅಷ್ಟು ಸಂತೋಷಪಡುವ ಅಗತ್ಯವಿರಲಿಲ್ಲ.

ಮುತ್ತರಾಯಪ್ಪ, ಫೋಟೋಗ್ರಾಫರು


ಕೃಷ್ಣಗಿರಿ,
20-11-1946

ಮಾವನವರಿಗೆ ಕೇಶವನ ನಮಸ್ಕಾರ.

ತಪ್ಪಾಯಿತು. ಕ್ಯಾಮೆರಾ ಕೈಗೆ ಬಂದ ದಿನವೇ ನಿಮಗೆ ಬರೆಯಬೇಕೆಂದು ಕುಳಿತೆ. ಏನು ಬರೆದರೂ ಜಂಬದ ಹಾಗೆ ಕೇಳಿಸಿತು, ಹರಿದು ಹಾಕಿದೆ.

ಇದರ ಹೆಸರು ರೋಲಿಫ್ಲೆಕ್ಸ್. ನಮ್ಮ ದೊಡ್ಡ ಕ್ಯಾಮೆರಾದ ಹಾಗೆ ಮೂರು ಕಾಲಿಲ್ಲ, ಕರಿ ಬಟ್ಟೆ ಇಲ್ಲ. ಕೊರಳಿಗೆ ನೇತುಹಾಕಿಕೊಂಡು ಹೊಟ್ಟೆಯ ಹತ್ತಿರ ಹಿಡಿಯಬೇಕು. ಮೇಲಿನ ಮುಚ್ಚಳ ತೆಗೆದು ತಲೆ ಬಗ್ಗಿಸಿ ನೋಡಿದರೆ ಒಳಗಿನ ಗಾಜಿನ ಮೇಲೆ ಎದುರಿಗಿರುವುದೆಲ್ಲ ಬಣ್ಣಬಣ್ಣವಾಗಿ ಕಾಣುತ್ತದೆ. ಮೇಲಿನ ಕಣ್ಣು ನನಗೆ ತೋರಿಸುವುದಕ್ಕೆ, ಕೆಳಗಿನ ಕಣ್ಣು ಪಟ ಹಿಡಿಯುವುದಕ್ಕೆ. ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಮೊದಲು ಮೊದಲು ಜನ ಈ ಕಡೆ ಸರಿದರೆ ನಾನು ಆ ಕಡೆ ತಿರುಗುತ್ತಿದ್ದೆ. ಪಾರ್ವತಿ ನೋಡಿ, 'ಇದೇನ್ರೀ, ಕುಡ್ದೋರ ಥರ ಆಡ್ತಾ ಇದ್ದೀರಿ' ಅಂದಳು.

ಈಗ ನಿಮ್ಮಿಂದ ಒಂದು ಉಪದೇಶ ಬೇಕು. ಕ್ಯಾಮೆರಾದ ಜೊತೆಗೆ ಒಂದು ಚರ್ಮದ ಚೀಲ ಬಂದಿದೆ. ಅದರಲ್ಲಿ ಬಿಲ್ಲೆಯ ಹಾಗಿರುವ ಮೂರು ಬಣ್ಣದ ಗಾಜುಗಳಿವೆ: ಹಳದಿ, ಹಸಿರು, ಕೆಂಪು. ಕೆಳಗಿನ ಕಣ್ಣಿನ ಮೇಲಿಟ್ಟು ತಿರುಗಿಸಿದರೆ ಕಚ್ಚಿಕೊಳ್ಳುತ್ತವೆ. ದೊರೆ ಹೇಳಿಕೊಟ್ಟ. ಆದರೆ ಅವನ ಇಂಗ್ಲಿಷೇ ಬೇರೆ, ನನ್ನ ಇಂಗ್ಲಿಷೇ ಬೇರೆ. ಹಳದಿಯನ್ನೂ ಕೆಂಪನ್ನೂ ಮೇಲೆತ್ತಿ ಮೋಡ ತೋರಿಸಿ ತಲೆಯಾಡಿಸಿದ್ದು ಮಾತ್ರ ತಿಳಿಯಿತು. ಮುಖಕ್ಕೆ ಯಾವ ಗಾಜು ಹಾಕಬೇಕು? ನೀವು ಪಟದ ಕೆಲಸದಲ್ಲಿ ತಲೆ ನರೆಸಿಕೊಂಡವರು. ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಅತ್ತೆಗೆ ನಮಸ್ಕಾರ ಹೇಳಿ.

ನಿಮ್ಮ
ಕೇಶವ


ಹೊಸೂರು,
2ನೇ ಡಿಸೆಂಬರ್ 1946

ಚಿರಂಜೀವಿ ಚೆನ್ನಕೇಶವನಿಗೆ ಆಶೀರ್ವಾದಪೂರ್ವಕವಾಗಿ ತಿಳಿಯಪಡಿಸುವುದು.

ನಿನ್ನ ಕಾಗದ ತಲುಪಿತು. ಕೇಳಬೇಕಾದವರನ್ನೇ ಕೇಳಿರುವೆ. ದೊರೆಗಳು ಕ್ಯಾಮೆರಾ ಬಿಟ್ಟುಹೋಗಬಹುದು, ತಿಳಿವಳಿಕೆಯನ್ನು ಬಿಟ್ಟುಹೋಗುವುದಿಲ್ಲ.

ಹಳದಿ ಗಾಜು ಮೋಡಕ್ಕೆಂದು ದೊರೆಯೇ ಹೇಳಿರುವುದರಿಂದ ಅದರ ಬಗ್ಗೆ ನಾನು ಬರೆಯುವುದಿಲ್ಲ. ಹಸಿರು ಗಾಜು ಗಿಡಮರ, ಹೊಲಗದ್ದೆಗಳಿಗೆಂದು ತಿಳಿಯತಕ್ಕದ್ದು. ಕೆಂಪಿನ ವಿಷಯವನ್ನು ಮಾತ್ರ ನಿಧಾನವಾಗಿ ಓದಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಕತ್ತಲೆ ಕೋಣೆಯಲ್ಲಿ ಯಾವ ದೀಪ ಉರಿಯುತ್ತದೆ? ಕೆಂಪು ದೀಪ. ಬಿಳಿಯ ಬೆಳಕು ಒಂದು ಎಳೆ ಬಿದ್ದರೂ ಪ್ಲೇಟು ಕೆಡುತ್ತದೆ. ಕೆಂಪು ಬೆಳಕು ಇಡೀ ರಾತ್ರಿ ಬಿದ್ದರೂ ಏನೂ ಮಾಡದು. ಅಂದ ಮೇಲೆ ಪಟಕ್ಕೆ ಕೆಂಪೇ ಸಾಧು, ಕೆಂಪೇ ರಕ್ಷೆ. ಇದು ಒಂದನೆಯ ಆಧಾರ. ಎರಡನೆಯದು, ನಾನು ನಕಲು ಮಾಡಿದ ಅರ್ಜಿಗಳಲ್ಲೆಲ್ಲ ಸಾಮಾನ್ಯವಾದ ಮಾತು ಕಪ್ಪು ಶಾಯಿಯಲ್ಲಿದ್ದು, ಅಧಿಕಾರಿಗಳ ಕಣ್ಣಿಗೆ ಬೀಳಲೇಬೇಕಾದ ಮಾತಿನ ಕೆಳಗೆ ಕೆಂಪು ಗೀಟು ಇರುತ್ತಿತ್ತು. ಆದಕಾರಣ ಸಾಧಾರಣ ಜನರಿಗೆ ಗಾಜೇ ಬೇಡ. ಮುಖ್ಯವಾದ ಮುಖಗಳಿಗೆ ಕೆಂಪು ಗಾಜು ಉಪಯೋಗಿಸತಕ್ಕದ್ದು.

ಈ ಗಾಜುಗಳನ್ನು ನಾನು ಉಪಯೋಗಿಸಿಲ್ಲ. ನನ್ನ ಕ್ಯಾಮೆರಾಕ್ಕೆ ಅವುಗಳ ಅವಶ್ಯಕತೆ ಬೀಳಲಿಲ್ಲ. ಅಷ್ಟರಿಂದ ನನಗೆ ತಿಳಿಯದೆಂದು ಯಾರೂ ಭಾವಿಸಕೂಡದು.

ಮುತ್ತರಾಯಪ್ಪ


ಕೃಷ್ಣಗಿರಿ,
9-2-1947

ಮಾವನವರಿಗೆ ನಮಸ್ಕಾರ.

ಕಾಗದ ತಡವಾಯಿತು. ಹೇಳಲು ಕಷ್ಟವಾದ ಮಾತೊಂದಿತ್ತು. ಸುಲಭವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ಕ್ಯಾಮೆರಾದ ಮೊದಲನೆಯ ಫಿಲ್ಮನ್ನು ನೀವು ಕಲಿಸಿದ ಹಾಗೆ ಕೆಂಪು ದೀಪದ ಕೆಳಗೆ ತೊಳೆದೆ. ಪೂರ್ತಿ ಕಪ್ಪಾಗಿ ಹೋಯಿತು, ಒಂದು ಮುಖವೂ ಉಳಿಯಲಿಲ್ಲ. ಯಾಕೋ ತಿಳಿಯಲಿಲ್ಲ. ಆಮೇಲಿಂದ ತೊಳೆಯಲು ಬೆಂಗಳೂರು ದಂಡಿನ ಒಂದು ಅಂಗಡಿಗೆ ಕಳಿಸುತ್ತಿದ್ದೇನೆ.

ಕಷ್ಟದ ಮಾತು ಇದು. ಬೇರಿಕೆಯ ಪಟೇಲ ಅಶ್ವತ್ಥಪ್ಪನವರು ಮಗಳ ಮದುವೆಗೆ ನನ್ನನ್ನು ಕರೆದಿದ್ದಾರೆ. ಆ ಮನೆಯ ಮೂರು ಮದುವೆಗಳ ಪಟ ನಿಮ್ಮ ಕೈಯದು ಅಂತ ನನಗೆ ಗೊತ್ತು. ನಾನಾಗಿ ಕೇಳಿಕೊಂಡು ಹೋಗಲಿಲ್ಲ, ಅತ್ತೆಯ ಮೇಲಾಣೆ. ಮನೆಯ ಹೆಂಗಸರು ಹಟ ಹಿಡಿದರಂತೆ. ಪಟೇಲರ ತಾಯಿ ಪಿಳ್ಳಮ್ಮನವರು ನನ್ನ ಎದುರಿಗೇ ಮಗನಿಗೆ ಹೇಳಿದರು:

'ಈ ಹುಡ್ಗನ್ ನೋಡ್ಲಾ, ಒಳ್ಳೆ ನಾಚ್ಕೆ ಐತೆ. ನೆಲ ನೋಡ್ಕೊಂಡೇ ಪಟ ಹಿಡೀತಾನೆ, ಒಂದ್ ಹೆಣ್ಣಿನ್ ಕಡೆ ಕಣ್ಣೆತ್ತಲ್ಲ. ಆ ಹೊಸೂರಪ್ಪ ಗುಡಾರದೊಳ್ಗೆ ಕುಂತ್ಕೊಂಡು ಏನ್ ನೋಡ್ತಾನೋ ಯಾರ್ಗ್ ಗೊತ್ತು!'

ನಾನು ನೋಡುವುದು ನೆಲವನ್ನಲ್ಲ, ಗಾಜಿನೊಳಗಿರುವ ಅವರನ್ನೇ, ಎಂದು ಹೇಳುವ ಧೈರ್ಯ ಬರಲಿಲ್ಲ. ನೀವು ಬೇಡವೆಂದರೆ ಹೋಗುವುದಿಲ್ಲ. ಒಂದು ಮಾತು ಬರೆಯಿರಿ.

ಕೇಶವ


ಹೊಸೂರು,
15ನೇ ಫೆಬ್ರವರಿ 1947

ಚೆನ್ನಕೇಶವನಿಗೆ.

ಬೇರಿಕೆ ಮದುವೆಯ ವಿಷಯದಲ್ಲಿ ಕೆಳಗೆ ರುಜು ಮಾಡಿರುವವನದು ಯಾವ ಆಕ್ಷೇಪಣೆಯೂ ಇಲ್ಲ. ಆ ದಿನ ನನಗೆ ತಳಿಯಲ್ಲಿ ಬೇರೆ ಮುಖ್ಯವಾದ ಕೆಲಸವಿದೆ. ಕರೆದಿದ್ದರೂ ಬರಲಾಗುತ್ತಿರಲಿಲ್ಲ.

ಫಿಲ್ಮು ಕೆಟ್ಟದ್ದಕ್ಕೆ ಕೆಂಪು ದೀಪ ಕಾರಣವಲ್ಲ, ನಿನ್ನ ಕೈ ಕಾರಣ. ಹೆಂಗಸರ ಹೊಗಳಿಕೆ ಕೇಳುತ್ತ ತೊಳೆದರೆ ಹಾಗೆಯೇ ಆಗುವುದು.

ಮುತ್ತರಾಯಪ್ಪ


ಕೃಷ್ಣಗಿರಿ,
18-5-1947

ಮಾವನವರಿಗೆ ನಮಸ್ಕಾರ.

ಹೆರಿಗೆ ಸುಸೂತ್ರವಾಗಿ ಆದದ್ದು ನಿಮಗೆ ಗೊತ್ತೇ ಇದೆ. ತಾಯಿಯಿಲ್ಲದ ಪಾರ್ವತಿಗೆ ಬಾಣಂತನ ಮಾಡಲು ಅತ್ತೆಯನ್ನು ಕಳಿಸಿಕೊಟ್ಟಿರಲ್ಲ, ಆ ಉಪಕಾರ ನಾವು ಮರೆಯುವುದಿಲ್ಲ. ಮೊನ್ನೆ ಬಸ್ಸು ಹತ್ತಿಸಿ ಬಂದೆ. ಕ್ಷೇಮವಾಗಿ ತಲುಪಿದರೆಂದು ನಂಬುತ್ತೇನೆ.

ಬೇರಿಕೆ ಮದುವೆ ಚೆನ್ನಾಗಿ ನಡೆಯಿತು. ಚಪ್ಪರದೊಳಗೆ ಬೆಳಕು ಸಾಲದೆ ಯಾವ ಗಾಜನ್ನೂ ಹಾಕಲಿಲ್ಲ. ಆ ದಿನ ಬಸ್ಸು ನಿಲ್ಲುವ ಕಡೆ ಆಲದ ಮರದ ಹಿಂದೆ ನಿಮ್ಮ ಛತ್ರಿಯ ಹಾಗಿರುವ ಛತ್ರಿಯೊಂದನ್ನು ಕಂಡೆ. ಹಿಡಿದವರ ಮುಖ ಕಾಣಲಿಲ್ಲ. ಯಾರೋ ಬೇರೆಯವರಿರಬೇಕು. ನೀವು ತಳಿಯಲ್ಲಿದ್ದಿರಿ.

ಅತ್ತೆ ನಿಮಗೆ ಹೇಳಿರಬಹುದು, ಹೇಳದೆಯೂ ಇರಬಹುದು. ಅವರ ಪಟ ಒಂದು ಹಿಡಿದಿದ್ದೇನೆ. ಒಂದು ಸಂಜೆ ಅವರನ್ನು ಕೋಟೆ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋಗಿದ್ದೆ. ಮಳೆಗೆ ಮುಂಚಿನ ಮೋಡ ಬೆಟ್ಟದ ಹಿಂದೆ ರಾಶಿ ಬಿದ್ದಿತ್ತು. ಅತ್ತೆ ಬಂಡೆಯ ಮೇಲೆ ನಿಂತು ಸೆರಗು ಸರಿಮಾಡಿಕೊಂಡರು. ಆಗ ನಿಮ್ಮ ಮಾತು ಜ್ಞಾಪಕಕ್ಕೆ ಬಂತು. ಇದಕ್ಕಿಂತ ಮುಖ್ಯವಾದ ಮುಖ ನನ್ನ ಕ್ಯಾಮೆರಾದ ಎದುರಿಗೆ ಇನ್ನು ಯಾವಾಗ ಬರಬೇಕು? ಕೆಂಪು ಗಾಜು ಹಾಕಿದೆ. ಅದನ್ನು ಉಪಯೋಗಿಸಿದ್ದು ಅದೇ ಮೊದಲು.

ಅವರು ನಗುತ್ತಿದ್ದರು. ನಗುವಾಗಲೇ ಗುಂಡಿ ಒತ್ತಿದೆ.

ನಾನೂ ಪಟವನ್ನು ಇನ್ನೂ ನೋಡಿಲ್ಲ. ಬೆಂಗಳೂರಿನ ಅಂಗಡಿಯವರಿಗೆ ದೊಡ್ಡದಾಗಿ ಒಂದು ಪ್ರತಿ ಮಾಡಿ ನೇರವಾಗಿ ನಿಮ್ಮ ವಿಳಾಸಕ್ಕೆ ಕಳಿಸಲು ಬರೆದಿದ್ದೇನೆ. ಮೊದಲು ನೀವು ನೋಡಬೇಕು. ಈ ಸಲವಾದರೂ ಸುದ್ದಿ ಮೊದಲು ನಿಮಗೆ ಬರಲಿ.

ಕೇಶವ


ಹೊಸೂರು,
11ನೇ ಜೂನ್ 1947

ಕೃಷ್ಣಗಿರಿಯ ಫೋಟೋಗ್ರಾಫರು ಚೆನ್ನಕೇಶವನವರ ಸಮಕ್ಷಮಕ್ಕೆ.

ನೊಂದ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ದಿನ ಬೆಳಿಗ್ಗೆ ಅಂಚೆಯ ಚಿನ್ನಸ್ವಾಮಿ 'ಐಯಾ, ಬೆಂಗಳೂರಿಂದ ಫೋಟೋ ವಂದಿರ್ಕು' ಎಂದು ತಮಿಳಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿ ಕಟ್ಟೊಂದನ್ನು ಕೊಟ್ಟು ಹೋದನು. ಒಳಗೆ ಹೋಗಿ ಬಿಚ್ಚಿ ನೋಡಿದೆ.

ಆಕಾಶ ಮಸಿಯ ಹಾಗೆ ಕಪ್ಪು. ಅದರ ಮೇಲೆ ಮೋಡಗಳು ಬೆಳ್ಳಗೆ ಬೆಟ್ಟಗಳಂತೆ ಎದ್ದಿವೆ. ಅಂಥ ಆಕಾಶವನ್ನು ನಾನು ಯಾವ ಪ್ಲೇಟಿನಲ್ಲಿಯೂ ಕಂಡವನಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಅದರ ಕೆಳಗೆ ನನ್ನ ಧರ್ಮಪತ್ನಿ. ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ಹಣೆ ಬರಿದು.

ಹಣೆಯಲ್ಲಿ ಕುಂಕುಮವಿಲ್ಲ. ದಿನವೂ ತಪ್ಪದೆ ಇಡುವವಳು. ಭೂತಗನ್ನಡಿ ಹಿಡಿದು ನೋಡಿದೆ, ಬಿಸಿಲಿಗೆ ಒಯ್ದು ನೋಡಿದೆ. ಮುತ್ತೈದೆಯ ಮುಖದಲ್ಲಿ ಇರಬೇಕಾದದ್ದು ಇಲ್ಲ. ನನ್ನ ಪ್ಲೇಟುಗಳಲ್ಲಿ ಎಷ್ಟು ಹೆಂಗಸರು ಕುಳಿತಿದ್ದಾರೆ! ಬಡವಿಯ ಹಣೆಯಾಗಲಿ ಪಟೇಲರ ಮನೆಯವಳ ಹಣೆಯಾಗಲಿ, ಬೊಟ್ಟು ಕಡಲೆಕಾಳಿನ ಹಾಗೆ ಕಪ್ಪಗೆ ಎದ್ದು ಕಾಣದ ಒಂದು ಪಟವನ್ನೂ ನಾನು ಕೊಟ್ಟವನಲ್ಲ.

ಇದರ ಅರ್ಥವನ್ನು ನೀನೇ ಹೇಳಬೇಕು. ನೀನು ಬೇರಿಕೆಯನ್ನು ತೆಗೆದುಕೊಂಡೆ, ನಾನು ಆಕ್ಷೇಪಣೆಯಿಲ್ಲವೆಂದು ಬರೆದುಕೊಟ್ಟೆ. ನೀನು ಕಾಫಿ ಹೋಟೆಲಿನ ಮಾತು ಕೇಳಿಸಿದೆ, ನಾನು ಸಹಿಸಿದೆ. ಈಗ ನಾನಿನ್ನೂ ಉಸಿರಾಡುತ್ತಿರುವಾಗಲೇ ನನ್ನ ಹೆಂಡತಿಯ ಹಣೆ ಒರೆಸಿ, ಮೇಲಾಗಿ ಅವಳನ್ನು ನಗಿಸಿ, ಕಾಗದದ ಮೇಲೆ ನನ್ನ ತಿಥಿ ಮಾಡಿ ಅಂಚೆಯಲ್ಲಿ ಕಳಿಸಿರುವೆಯಾ?

ಅವಳಿಗೆ ತೋರಿಸಿಲ್ಲ. ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. ಪಟ ಹಿಡಿಸಿಕೊಂಡ ಸಂಗತಿಯನ್ನು ಅವಳೂ ನನಗೆ ಹೇಳಿಲ್ಲ. ಬಂದ ದಿನದಿಂದ ಮಗುವಿನ ಮಾತು, ಪಾರ್ವತಿಯ ಮಾತು, ನಿಮ್ಮ ಹಿತ್ತಲಿನ ಸೀಬೆ ಗಿಡದ ಮಾತು; ಬೆಟ್ಟದ ಮಾತು ಮಾತ್ರ ಇಲ್ಲ. ಕೂಡಲೇ ಸಮಜಾಯಿಷಿ ಕೊಡತಕ್ಕದ್ದು.

ಮುತ್ತರಾಯಪ್ಪ


ಕೃಷ್ಣಗಿರಿ,
16-6-1947

ಮಾವನವರಿಗೆ.

ನಿಮ್ಮ ಕಾಗದವನ್ನು ಪಾರ್ವತಿಗೆ ಓದಿ ಹೇಳಲಿಲ್ಲ. ಬಾಣಂತಿ ಕೇಳುವ ಮಾತುಗಳಲ್ಲ ಅವು.

ನಾನು ಬೊಟ್ಟನ್ನು ಕಂಡೆ. ತಲೆ ಬಗ್ಗಿಸಿ ನೋಡುವಾಗ ಅತ್ತೆಯ ಹಣೆಯ ಕುಂಕುಮ ಗಾಜಿನಲ್ಲಿ ದಾಸವಾಳದ ಎಸಳಿನ ಹಾಗೆ ಕೆಂಪಗೆ ಕಾಣುತ್ತಿತ್ತು. ಕಂಡದ್ದು ಎಲ್ಲಿ ಹೋಯಿತೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕೆಂಪು ಗಾಜನ್ನು ಕ್ಯಾಮೆರಾದಿಂದ ತೆಗೆದು ನನ್ನ ಕಣ್ಣಿಗೇ ಇಟ್ಟುಕೊಂಡು ಪಾರ್ವತಿಯ ಮುಖ ನೋಡಿದೆ. ಅವಳ ಹಣೆಯ ಕುಂಕುಮ ಮಾಯವಾಯಿತು. ಗಾಜು ತೆಗೆದರೆ ಬಂತು, ಇಟ್ಟರೆ ಹೋಯಿತು. ಕೆಂಪು ಗಾಜಿನ ಹಿಂದೆ ಕೆಂಪೂ ಚರ್ಮವೂ ಒಂದೇ ಬೆಳಕಾಗಿಬಿಡುತ್ತವೆ. ನಮ್ಮ ಹಳೆಯ ಪ್ಲೇಟಿಗೆ ಕೆಂಪು ಕಾಣುವುದೇ ಇಲ್ಲ. ಅದಕ್ಕೇ ಕುಂಕುಮ ಕಪ್ಪಗೆ ಬೀಳುತ್ತದೆ, ಅದಕ್ಕೇ ಕೆಂಪು ದೀಪದಲ್ಲಿ ಕೆಡುವುದಿಲ್ಲ. ಈ ಹೊಸ ಫಿಲ್ಮು ಕೆಂಪನ್ನೂ ಕಾಣುತ್ತದೆ. ನನ್ನ ಮೊದಲನೆಯ ಫಿಲ್ಮು ಕಪ್ಪಾದದ್ದು ಕೈ ಕೆಟ್ಟು ಅಲ್ಲ ಮಾವ.

ಕ್ಯಾಮೆರಾಕ್ಕೆ ಎರಡು ಕಣ್ಣಿದ್ದದ್ದೇ ಕೇಡಾಯಿತು. ಗಾಜು ಕಚ್ಚಿದ್ದು ಕೆಳಗಿನ ಕಣ್ಣಿಗೆ. ನಾನು ನೋಡುತ್ತಿದ್ದದ್ದು ಮೇಲಿನ ಕಣ್ಣಿನಿಂದ. ಅದು ಕಂಡದ್ದನ್ನು ಇದು ಕಾಣಲಿಲ್ಲ.

ಇಷ್ಟು ನನ್ನ ಸಮಜಾಯಿಷಿ. ಈಗ ನಾನೂ ಒಂದು ಕೇಳುತ್ತೇನೆ. ಮುಖಕ್ಕೆ ಯಾವ ಗಾಜು ಎಂದು ನಾನು ಕೇಳಿದ್ದಕ್ಕೆ 'ಮುಖ್ಯವಾದ ಮುಖಗಳಿಗೆ ಕೆಂಪು ಗಾಜು' ಎಂದು ಬರೆದವರು ನೀವು. ಆ ಕಾಗದ ಬಂದದ್ದು ದಾಸಪ್ಪನ ಹೋಟೆಲಿನಲ್ಲಿ ನಿಮಗೆ ಅವಮಾನವಾದ ಹೊಸತರಲ್ಲಿ. ಬೇರಿಕೆಯ ಚಪ್ಪರದಲ್ಲಿ ಬೆಳಕು ಚೆನ್ನಾಗಿದ್ದಿದ್ದರೆ ಪಟೇಲರ ಮಗಳ ಹಣೆಗೂ ಇದೇ ಗತಿಯಾಗುತ್ತಿತ್ತು. ನನ್ನ ಅಂಗಡಿಗೆ ಅವತ್ತೇ ಬೀಗ ಬೀಳುತ್ತಿತ್ತು.

ತಿಳಿಯದೆ ಬರೆದಿರೋ, ತಿಳಿದು ಬರೆದಿರೋ? ಇದಕ್ಕೆ ಉತ್ತರ ಬರುವವರೆಗೆ ನಾನು ಹೊಸೂರಿಗೆ ಕಾಲಿಡುವುದಿಲ್ಲ.

ಚೆನ್ನಕೇಶವ


ಹೊಸೂರು,
14ನೇ ಜುಲೈ 1947

ಚಿರಂಜೀವಿ ಚೆನ್ನಕೇಶವನಿಗೆ.

ಉತ್ತರ ತಡವಾದುದಕ್ಕೆ ಕಾರಣಗಳನ್ನು ಕ್ರಮವಾಗಿ ಬರೆಯುತ್ತೇನೆ.

ನಿನ್ನ ಕಾಗದ ಬಂದ ಮೇಲೆ, ಬೊಟ್ಟನ್ನು ನಾನೇ ಪಟದ ಮೇಲೆ ತಿದ್ದಿಬಿಡುವುದೆಂದು ನಿಶ್ಚಯಿಸಿದೆ. ಅಳಿಲು ಕೂದಲಿನ ಕುಂಚ ಹಿಡಿದು ಮಾಸಿದ ಮೀಸೆ ಕಪ್ಪು ಮಾಡಿದವನು, ಸಿಡುಬಿನ ಕಲೆ ಅಳಿಸಿದವನು, ಮೆಳ್ಳೆಗಣ್ಣು ನೇರಮಾಡಿದವನು ನಾನು. ಬೊಟ್ಟು ಒಂದು ಚುಕ್ಕೆಯ ಕೆಲಸ. ಮಸಿ ತೇದು, ಕುಂಚ ಅದ್ದಿ, ಪಟದ ಮೇಲೆ ಬಗ್ಗಿದೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹುಬ್ಬುಗಳ ನಡುವೆ ಇಡುತ್ತಾಳೋ, ಒಂದು ಬೆರಳು ಮೇಲೋ? ದುಂಡಗೋ, ಉದ್ದಕ್ಕೋ? ದಿನವೂ ಕಾಫಿ ಲೋಟವನ್ನು ಅವಳ ಕೈಯಿಂದಲೇ ತೆಗೆದುಕೊಳ್ಳುತ್ತೇನೆ. ಆದರೂ ತಿಳಿಯಲಿಲ್ಲ. ಕುಂಚದ ಮಸಿ ಒಣಗಿತು.

ಆದ್ದರಿಂದ ಅವಳನ್ನು ಕೂಗಿದೆ. ನಡೆದ ಮಾತನ್ನು ನಕಲು ಮಾಡುತ್ತೇನೆ.

'ಸ್ವಲ್ಪ ಬೆಳಕಿಗೆ ಬಂದು ಕೂತುಕೋ.'

'ಯಾಕ್ರೀ? ಹಿಂದಕ್ಕೇನು ಬಚ್ಚಿಟ್ಕೊಂಡ್ರಿ? ಕೇಶವ ಹಿಡಿದಿದ್ ಪಟ ಅಲ್ವಾ ಅದು? ಬಂದ್ ತಿಂಗ್ಳಾಯ್ತು. ಅವತ್ತೇ ಚಿನ್ನಸ್ವಾಮಿ ಕೂಗಿದ್ದು ನಂಗೂ ಕೇಳಿಸ್ತು. ನೀವಾಗಿ ತೋರುಸ್ತೀರೇನೋ ಅಂತ ಕಾಯ್ತಾ ಇದ್ದೆ.'

ಕಿತ್ತುಕೊಂಡು ನೋಡಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಳುತ್ತಾಳೆಂದು ತಿಳಿದಿದ್ದೆ.

'ಅಯ್ಯೋ, ಈ ಬೊಟ್ಟಿಗೋಸ್ಕರಾನಾ ನೀವು ತಿಂಗಳಿಂದ ಅರ್ಧ ಅನ್ನ ಬಿಡ್ತಾ ಇದ್ದದ್ದು? ನಾನು ಹೊಟ್ಟೆನೋವು ಅಂತ ದಿನಾ ಜೀರಿಗೆ ಕಷಾಯ ಕಾಯಿಸ್ಕೊಟ್ನಲ್ಲ! ನನ್ ಬೊಟ್ಟಿನ್ ಯಜಮಾನ್ರು ಎದುರ್ಗೇ ನಿಂತ್ಕೊಂಡು ಗೊಣಗ್ತಾ ಅವ್ರೆ. ಕಾಗ್ದ ಏನಾದ್ರೂ ಹೇಳ್ಕೊಳ್ಲಿ ಬಿಡಿ.'

ಪಟವನ್ನು ಅವಳು ಅಡಿಗೆ ಮನೆಯಲ್ಲಿ, ಉಪ್ಪಿನ ಮಡಕೆಯ ಮೇಲಿನ ಗೂಡಿನಲ್ಲಿಟ್ಟುಕೊಂಡಿದ್ದಾಳೆ. ಬೊಟ್ಟು ತಿದ್ದಲು ಬಿಡಲಿಲ್ಲ.

ಅಷ್ಟಕ್ಕೆ ನಾನು ಬಿಡಲಿಲ್ಲ. ಮಾರನೆಯ ದಿನ ದೊಡ್ಡ ಕ್ಯಾಮೆರಾವನ್ನು ಅಂಗಳಕ್ಕೆ ತಂದು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಪ್ಲೇಟು ಹಾಕಿ, ಬಟ್ಟೆಯೊಳಗೆ ಹೋದೆ. 'ನಗು' ಎಂದೆ.

'ಯಾರನ್ ನೋಡಿ ನಗ್ಲಿ? ನೀವು ಬಟ್ಟೆಯೊಳಗ್ ಹೋಗ್ಬುಟ್ರೆ ಎದುರ್ಗೆ ಉಳ್ಯೋದು ಮೂರ್ ಕಾಲು, ಒಂದ್ ಗಾಜು.'

ಆ ಪ್ಲೇಟಿನಲ್ಲಿ ಬೊಟ್ಟು ಕಪ್ಪಗೆ, ದುಂಡಗೆ, ಇರಬೇಕಾದ ಸ್ಥಳದಲ್ಲಿದೆ. ಮುಖ ಮಾತ್ರ ಸಾಕ್ಷಿ ಹೇಳಲು ಬಂದು ಕಟಕಟೆಯಲ್ಲಿ ನಿಂತವಳದು. ಎರಡು ಪಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಯಾವುದು ನನ್ನ ಹೆಂಡತಿಯದೆಂದು ದಾರಿಹೋಕನನ್ನು ಕೇಳಿದರೂ ನಿನ್ನದನ್ನೇ ತೋರಿಸುತ್ತಾನೆ.

ಇನ್ನು ನಿನ್ನ ಪ್ರಶ್ನೆ. ತಿಳಿದೇ ಬರೆದೆನೆಂದು ಉತ್ತರ ಬರೆದು, ಶುದ್ಧ ಪ್ರತಿ ಮಾಡಿ ಲಕೋಟೆಗೆ ಹಾಕಿದ್ದೆ. ಕೆಟ್ಟವನೆಂದರೆ ಜನ ಹೆದರುತ್ತಾರೆ. ತಿಳಿಯದವನೆಂದರೆ ಲೋಟ ಕೆಳಗಿಟ್ಟು ನಗುತ್ತಾರೆ. ಅಂಟಿಸುವ ಮೊದಲು ನಿನ್ನ ಅತ್ತೆ 'ಏನ್ ಬರ್ದ್ರಿ, ಓದಿ' ಎಂದಳು. ಓದಿದೆ. ತೆಗೆದುಕೊಂಡು ಹೋಗಿ ಒಲೆಗೆ ಹಾಕಿದಳು. ಆದ ಕಾರಣ ನಿಜಾಂಶ ಇದು: ತಿಳಿಯದೆ ಬರೆದೆ. ಈ ಸಾಲನ್ನು ನೀನು ಯಾರಿಗೂ ಓದಿ ಹೇಳಕೂಡದು.

ಇದಕ್ಕೆ ಪ್ರತಿಯಾಗಿ ನಾನು ಕೋರುವುದು ಒಂದೇ. ಬೆಟ್ಟದ ಮೇಲೆ ಅವಳು ನಕ್ಕಳಲ್ಲ, ಆಗ ನೀನು ಏನು ಹೇಳಿದೆ? ಯಾವ ಮಾತಿಗೆ ಅವಳು ಹಾಗೆ ನಗುತ್ತಾಳೆ? ಅವಳನ್ನು ಕೇಳಿದರೆ 'ಏನೋ, ಮರ್ತೋಯ್ತು' ಎನ್ನುತ್ತಾಳೆ. ಪದ ಬಿಡದೆ ಬರೆದು ಕಳಿಸಬೇಕಾಗಿ ಪ್ರಾರ್ಥನೆ.

ಮುತ್ತರಾಯಪ್ಪ


ಕೃಷ್ಣಗಿರಿ,
22-7-1947

ಮಾವನವರಿಗೆ ನಮಸ್ಕಾರ.

ನಿಮ್ಮ ಆ ಸಾಲನ್ನು ಯಾರಿಗೂ ಓದಿ ಹೇಳಿಲ್ಲ. ನಾನು ಕೇಳಿದ ರೀತಿ ಸರಿಯಿರಲಿಲ್ಲ. ಕ್ಷಮಿಸಿಬಿಡಿ.

ಬೆಟ್ಟದ ಮಾತನ್ನು ಬರೆಯಬಾರದು ಎಂದುಕೊಂಡಿದ್ದೆ. ಪದ ಬಿಡದೆ ಎಂದು ಕೇಳಿದ್ದೀರಿ, ಬರೆಯುತ್ತೇನೆ.

ನಾನು ನಗೆಯ ಮಾತು ಏನೂ ಆಡಲಿಲ್ಲ. ಕೆಂಪು ಗಾಜು ಬಹಳ ಬೆಳಕು ತಿನ್ನುತ್ತದೆ, ಗುಂಡಿಯನ್ನು ಸ್ವಲ್ಪ ಹೊತ್ತು ಹಿಡಿಯಬೇಕು. ಅದಕ್ಕೆ, 'ಅಲ್ಲಾಡಬೇಡಿ ಅತ್ತೆ' ಅಂದೆ. ಅಷ್ಟೇ. ಅವರು ನನ್ನನ್ನು ನೋಡಿ ಹೇಳಿದರು:

'ಮದ್ವೆ ಆದಾಗ್ನಿಂದ ನೋಡ್ತಾ ಇದೀನಿ ಕಣೋ ಕೇಶವ. ನಿಮ್ ಮಾವ ಊರೂರ್ ಹೆಂಗಸ್ರಿಗೆಲ್ಲ ಅಲ್ಲಾಡ್ಬೇಡಿ ಅಲ್ಲಾಡ್ಬೇಡಿ ಅಂತ ಹೇಳ್ಕೊಂಡ್ ಬಂದ್ರು. ನಂಗೊಬ್ಬಳಿಗೆ ಒಂದ್ ಸಲಾನೂ ಹೇಳ್ಲಿಲ್ಲ ನೋಡು!'

ಹೇಳಿ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಾಳಿಗೆ ಧೂಳು ಬಿತ್ತು ಅಂದರು. ಗಾಳಿ ಇತ್ತು, ನಿಜ.

ಕೇಶವ


ಹೊಸೂರು,
7ನೇ ಸೆಪ್ಟೆಂಬರ್ 1947

ಚಿರಂಜೀವಿ ಚೆನ್ನಕೇಶವನಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಡುವೆ ಕಚೇರಿಯ ಮೇಲಿನ ಬಾವುಟ ಬದಲಾಯಿತು. ಆ ದಿನ ಕಚೇರಿಯವರನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಪಟ ಹಿಡಿದವನು ನಾನೇ. ಬಟ್ಟೆಯೊಳಗಿಂದ ನಾನು ಪ್ರತಿಸಲ ಕೂಗುವ ಮಾತನ್ನು ಅಂದೂ ಕೂಗಬೇಕಾಗಿತ್ತು. ಬಾಯಿಗೆ ಬರಲಿಲ್ಲ. ಗುಮಾಸ್ತರು ಅಲ್ಲಾಡಿದರು. ಪಟದಲ್ಲಿ ಅರ್ಧ ಜನಕ್ಕೆ ಮುಖವಿಲ್ಲ.

ಆದಕಾರಣ ತಿಳಿಯಪಡಿಸುವುದೇನೆಂದರೆ, ಬರುವ ಭಾನುವಾರ ಬೆಳಗಿನ ಬಸ್ಸಿಗೆ ನೀನು ಪಾರ್ವತಿಯನ್ನೂ ಮಗುವನ್ನೂ ಕರೆದುಕೊಂಡು, ಎರಡು ಕಣ್ಣಿನ ಕ್ಯಾಮೆರಾದೊಂದಿಗೆ ಹೊಸೂರಿಗೆ ಬರತಕ್ಕದ್ದು. ನಿನ್ನ ಅತ್ತೆಯ ಪಟ ಹಿಡಿಯಬೇಕಾಗಿದೆ. ಹಸಿರೋ ಹಳದಿಯೋ, ಬರಿಗಣ್ಣೋ, ಅದು ನಿನಗೆ ಬಿಟ್ಟದ್ದು. ಆ ವಿಷಯದಲ್ಲಿ ನನ್ನ ಸಲಹೆ ಇಲ್ಲ. ದೊಡ್ಡ ಕ್ಯಾಮೆರಾ ಒಳಗೆ ಇರುತ್ತದೆ. ನಾನು ಹೊರಗೆ, ನಿನ್ನ ಪಕ್ಕದಲ್ಲಿ, ಅವಳಿಗೆ ಕಾಣುವ ಕಡೆ ನಿಲ್ಲುತ್ತೇನೆ.

ನೀನು ಬರುವ ಸುದ್ದಿ ಕೇಳಿ ಅವಳು ಈಗಾಗಲೇ ರಾಗಿ ಹುರಿಯುತ್ತಿದ್ದಾಳೆ. ನಾನು ಮನೆಗೆ ಬಂದಾಗ ಯಾರೂ ಏನನ್ನೂ ಹುರಿದದ್ದು ಕಾಣೆ. ಇರಲಿ.

ಒಂದು ಷರತ್ತಿದೆ. ಬೆಳಕು, ದೂರ, ಗುಂಡಿ, ಎಲ್ಲವೂ ನಿನ್ನ ಅಧಿಕಾರಕ್ಕೆ ಸೇರಿದ್ದು. ಆದರೆ ಗುಂಡಿ ಒತ್ತುವ ಮುಂಚೆ ನೀನು ಬಾಯಿ ತೆರೆಯಕೂಡದು. 'ಅಲ್ಲಾಡಬೇಡ' ಎಂಬ ಮಾತನ್ನು ಅವಳಿಗೆ ನಾನು ಹೇಳುತ್ತೇನೆ.

ನಿನ್ನ ಮಾವ
ಮುತ್ತರಾಯಪ್ಪ